ಕಡಲೇರಿಕೆಯಿಂದ ಉಳಿಯಲು ಬಾಂಗ್ಲಾದೇಶ ಎತ್ತರದ ಏರಿ ಕಟ್ಟಿಕೊಂಡರೆ ಸಾಲದೇ?

ಏರಿ ಬೇಕು. ಆದರೆ ಬರೀ ಏರಿಯನ್ನೇ ನಂಬಿದರೆ ನೆಲವೇ ತಗ್ಗುತ್ತದೆ. 1960ರ ದಶಕದಿಂದ ಅಲ್ಲಿನ ಕರಾವಳಿಯಲ್ಲಿ 139 ಪೋಲ್ಡರ್‌ಗಳು, ಅಂದರೆ ಸುತ್ತ ಏರಿ ಹಾಕಿದ ಪ್ರದೇಶಗಳು, ಎದ್ದವು. ಉಪ್ಪುನೀರು ಹೊರಗುಳಿಯಿತು, ಭತ್ತ ಬೆಳೆಯಿತು. ಆದರೆ ಉಬ್ಬರದ ಜೊತೆ ಬರುವ ಹೂಳು ಗದ್ದೆಗೆ ಹೋಗಲಾರದೆ ನದಿಯ ತಳದಲ್ಲೇ ಕೂತಿತು. ಒಳಗಿನ ನೆಲ ಕುಸಿಯಿತು, ಹೊರಗಿನ ನದಿ ಮೇಲೆದ್ದಿತು. ತೂಬು ತೆರೆದರೂ ಮಳೆನೀರು ಹೊರಗೆ ಹರಿಯದು. ಜೆಸ್ಸೋರ್, ಖುಲ್ನಾ ಕಡೆಯ ಹಳ್ಳಿಗಳು ತಿಂಗಳುಗಟ್ಟಲೆ ನೀರಲ್ಲಿ ನಿಂತದ್ದು ಹೀಗೆ.

1997ರಲ್ಲಿ ಭೈನಾ ಬಿಲ್‌ನ (ಬಿಲ್ ಅಂದರೆ ತಗ್ಗಿನ ಜೌಗು) ಜನ ತಾವೇ ಏರಿ ಕಡಿದರು. ದಿನಕ್ಕೆರಡು ಸಲ ಕೆಸರುನೀರು ಒಳನುಗ್ಗಿ ಹೂಳು ಬಿಟ್ಟಿತು, ಇಳಿತದಲ್ಲಿ ತಿಳಿಯಾಗಿ ಹೊರಟು ಹರಿ ಎಂಬ ನದಿಯ ತಳವನ್ನೂ ಕೊರೆಯಿತು. ಸುಮಾರು ನಾಲ್ಕು ವರ್ಷದಲ್ಲಿ, ಕಡಿದ ಬಾಯಿಯ ಹತ್ತಿರ ನೆಲ 1 ಮೀಟರ್‌ಗೂ ಹೆಚ್ಚು ಏರಿತು. ಯಾವ ಯಂತ್ರವೂ ಇಲ್ಲದೆ!

ತೊಡಕೂ ಇದೆ. ಹೂಳು ಹೆಚ್ಚಾಗಿ ಬಾಯಿಯ ಬಳಿಯೇ ಬೀಳುತ್ತದೆ, ದೂರದ ಮೂಲೆ ತಗ್ಗಾಗಿಯೇ ಉಳಿಯುತ್ತದೆ. ಹಾಗಾಗಿ ಒಳಗಾಲುವೆ ತೋಡಿ ನೀರನ್ನು ಅಲ್ಲಿಗೆ ಒಯ್ಯಬೇಕು. ಅಷ್ಟು ವರ್ಷ ಬೆಳೆ ಕಳೆದುಕೊಳ್ಳುವ ರೈತನ ಕೈಗೆ ಪರಿಹಾರ ಸಮಯಕ್ಕೆ ಸೇರದಿದ್ದರೆ ಮುಂದಿನ ಬಿಲ್‌ನವರು ಏರಿ ಕಡಿಯಲು ಬಿಡುವುದಿಲ್ಲ.