ಹೋಂಡಾ ಸಿಟಿ: ಉಡುಪಿಯವರಿಗೆ ಯಾವ ವೇರಿಯಂಟ್ ಸೂಕ್ತ?

ಉಡುಪಿಯಿಂದ ಮಂಗಳೂರಿಗೆ ದಿನವೂ ಓಡಾಡುವ, ಆಗಾಗ ಆಗುಂಬೆ ಘಾಟಿ ಹತ್ತುವ ಕುಟುಂಬಕ್ಕೆ ಹೋಂಡಾ ಸಿಟಿ ಕಾರಿನ ಯಾವ ವೇರಿಯಂಟ್ ಒಳ್ಳೆಯದೆಂದು ಕೇಳಿದ್ದೀರಿ. ನನ್ನ ಆಯ್ಕೆ 'ವಿ'.

2023ರಲ್ಲಿ ಪರಿಷ್ಕರಣೆಗೊಂಡ ಪೆಟ್ರೋಲ್ ಸಿಟಿಯಲ್ಲಿ ಎಸ್‌ವಿ, ವಿ, ವಿಎಕ್ಸ್, ಝಡ್‌ಎಕ್ಸ್ ಎಂಬ ನಾಲ್ಕು ಹಂತಗಳು ಬಂದವು. ಎಲ್ಲದರಲ್ಲೂ ಎಂಜಿನ್ ಅದೇ 1.5 ಲೀಟರಿನದಾದ್ದರಿಂದ ಹೆಚ್ಚಿನ ದುಡ್ಡಿಗೆ ಹೆಚ್ಚಿನ ಶಕ್ತಿಯೇನೂ ಸಿಗುವುದಿಲ್ಲ. ಆದರೆ ಸಿವಿಟಿ ಆಟೊಮ್ಯಾಟಿಕ್ ಗೇರ್ ಮತ್ತು ಮುಂದಿನ ವಾಹನ ಹತ್ತಿರವಾದಾಗ ಎಚ್ಚರಿಸಿ ಬ್ರೇಕ್ ಹಾಕುವ ವ್ಯವಸ್ಥೆ 'ವಿ'ಯಿಂದಲೇ ಆರಂಭವಾಗುತ್ತವೆ. ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳ ನಡುವೆ ಓಡಿಸುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಸನ್‌ರೂಫ್ ಬೇಕಾದರೆ ವಿಎಕ್ಸ್‌ಗೆ ಏರಬೇಕು. ನಮ್ಮ ಮಳೆಗಾಲದಲ್ಲಿ ಅದನ್ನು ತೆರೆಯುವುದು ಹಾಗಿರಲಿ, ಮರದಡಿ ನಿಲ್ಲಿಸಿದ ಕಾರಿನಲ್ಲಿ ಅದರ ನೀರಿಳಿಯುವ ಸಣ್ಣ ಕೊಳವೆಗೆ ಎಲೆಯ ಚೂರು ಸಿಕ್ಕಿಕೊಂಡರೆ ನೀರು ಒಳಗೇ ಸೋರುತ್ತದೆ. ಝಡ್‌ಎಕ್ಸ್‌ನ ತೊಗಲಿನ ಸೀಟು ನೋಡಲು ಚೆಂದವೇ; ಆದರೆ ಆಷಾಢದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಕಾರಿನೊಳಗೆ ಬೂಷ್ಟು ಹಿಡಿಯದಂತೆ ಒರೆಸುತ್ತಿರಬೇಕು.

ಇನ್ನೊಂದು ಲೆಕ್ಕವಿದೆ. ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರುಗಳಿಗೆ ರಸ್ತೆ ತೆರಿಗೆ ಶೇ. 17, ಅದರ ಮೇಲೆ ಸೆಸ್ ಬೇರೆ. ಹಾಗಾಗಿ ಶೋರೂಮ್ ಬೆಲೆಯಲ್ಲಿ ಒಂದು ಲಕ್ಷ ಏರಿದರೆ ಕೈಯಿಂದ ಹೋಗುವುದು ಸುಮಾರು 1.19 ಲಕ್ಷ, ವಿಮೆಯ ಹೆಚ್ಚಳ ಪ್ರತ್ಯೇಕ. ಉಳಿದ ಹಣದಲ್ಲಿ ತಳಭಾಗಕ್ಕೆ ತುಕ್ಕುನಿರೋಧಕ ಲೇಪನ ಮಾಡಿಸಿ, ಮನೆ ಕಡಲತಡಿಯ ಮಲ್ಪೆಯ ಕಡೆಗಿದ್ದರಂತೂ ತಪ್ಪದೆ.