ಓಟು ಊರಲ್ಲಾ, ಬೆಂಗಳೂರಲ್ಲಾ?

ಗ್ರಾಮ ಪಂಚಾಯ್ತಿ ಚುನಾವಣೆ ಬಗ್ಗೆ ಓದುಗರಿಂದ ಬಹಳ ಪತ್ರ ಬಂದಿವೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಆಯ್ತು. ಶಿರಾ ಹತ್ತಿರದ ನಮ್ಮೂರಲ್ಲಿ ಮನೆ, ಜಮೀನು ಇದೆ. ಎರಡೂ ಕಡೆ ಲಿಸ್ಟಲ್ಲಿ ಹೆಸರಿದೆ. ಪಂಚಾಯ್ತಿಗೆ ಅಲ್ಲಿ, ಎಂಎಲ್‌ಎಗೆ ಇಲ್ಲಿ ಹಾಕಬಹುದಾ?
– ಪೀಣ್ಯ, ಬೆಂಗಳೂರು

ಆಗಲ್ಲ. ಪಂಚಾಯ್ತಿಗೆ ಅಂತ ಬೇರೆ ಪಟ್ಟಿ ಶುರುವಿನಿಂದ ಬರೆಯುವುದಿಲ್ಲ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡ್ ಪ್ರಕಾರ ಬಿಡಿಸಿಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ಒಬ್ಬರ ಹೆಸರು ಒಂದೇ ಕಡೆ ಇರಬೇಕು.

ಊರಲ್ಲಿ ಮನೆ ಇದೆ ಅಂತ ಬರೆದಿದ್ದೀರಿ. 1950ರ ಜನಪ್ರತಿನಿಧಿ ಕಾಯ್ದೆ ಈ ವಿಷಯದಲ್ಲಿ ತುಂಬ ಸ್ಪಷ್ಟವಾಗಿದೆ: ಮನೆ ನಿಮ್ಮ ಹೆಸರಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ನೀವು ಅಲ್ಲಿನ ವಾಸಿ ಆಗುವುದಿಲ್ಲ. ನಾಲ್ಕು ತಿಂಗಳು ಕೆಲಸಕ್ಕೆ ಹೋಗಿ ಬರುವವರು ಊರಿನ ಓಟು ಕಳೆದುಕೊಳ್ಳುವುದಿಲ್ಲ, ಆದರೆ ಹೆಂಡತಿ ಮಕ್ಕಳ ಜೊತೆ ಒಂಬತ್ತು ವರ್ಷದಿಂದ ಬೇರೆ ಕಡೆ ಸಂಸಾರ ಮಾಡುತ್ತಿದ್ದರೆ ಓಟೂ ಅಲ್ಲಿಗೇ ಹೋಗಬೇಕು. ಊರ ಮೇಲಿನ ನಿಮ್ಮ ಪ್ರೀತಿ ನನಗೆ ಅರ್ಥ ಆಗುತ್ತದೆ. ಆದರೆ ನೀರು ಬರದ ದಿನ ಊರಲ್ಲಿ ಕೊಡ ಹಿಡಿದು ನಿಲ್ಲುವವರು ಬೇರೆ, ಅಲ್ವಾ? ಸದಸ್ಯರನ್ನು ಅವರೇ ಆರಿಸಲಿ.

ಈಗ ಮಾಡಬೇಕಾದ್ದು, ಬಿಡುವ ಕಡೆ ನಮೂನೆ 7 ತುಂಬಿ ಹೆಸರು ತೆಗೆಸಿ. ಒಂದೇ ಕಡೆ ಹೆಸರಿದ್ದು ಮನೆ ಬದಲಾದವರಿಗೆ ನಮೂನೆ 8 ಸಾಕು. ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು ಆಗಬಹುದು, ಹುಷಾರು.

ಮಗಳಿಗೆ ಹೋದ ತಿಂಗಳು 18 ತುಂಬಿತು. ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಎಲ್ಲಿ ಹೆಸರು ಸೇರಿಸಬೇಕು?
– ಹಾವೇರಿ

ವಿದ್ಯಾರ್ಥಿಗಳಿಗೆ ಆಯ್ಕೆ ಇದೆ. ಹಾಸ್ಟೆಲ್ ವಿಳಾಸವೂ ಆಗುತ್ತದೆ, ಮನೆ ವಿಳಾಸವೂ ಆಗುತ್ತದೆ, ಎರಡರಲ್ಲಿ ಒಂದು. ನಮೂನೆ 6 ತುಂಬಿಸಿ. ಮೊದಲೆಲ್ಲ ಜನವರಿ 1ಕ್ಕೆ 18 ಆಗಿರಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತವೆ. 17 ತುಂಬಿದವರು ಮುಂಚೆಯೇ ಅರ್ಜಿ ಹಾಕಿಡಬಹುದು. ಚುನಾವಣೆ ಘೋಷಣೆ ಆಗಲಿ ನೋಡೋಣ ಅಂತ ಮಾತ್ರ ಕೂರಬೇಡಿ.

ಹೋದ ಸಲ ಮತಪತ್ರದಲ್ಲಿ ಹತ್ತು ಹೆಸರಿತ್ತು. ನಾನು ಒಬ್ಬರಿಗೆ ಮಾತ್ರ ಮುದ್ರೆ ಒತ್ತಿ ಬಂದೆ. ಪಕ್ಕದ ಮನೆಯವರು ಮೂವರಿಗೆ ಒತ್ತಿದೆವು ಅಂತಾರೆ. ನನ್ನ ಓಟು ಹಾಳಾಯ್ತಾ?
– ಕುಷ್ಟಗಿ ತಾಲ್ಲೂಕು

ಹಾಳಾಗಿಲ್ಲ, ಸಮಾಧಾನ ಮಾಡಿಕೊಳ್ಳಿ. ಆದರೆ ನಿಮಗಿದ್ದ ಹಕ್ಕನ್ನು ಪೂರ್ತಿ ಬಳಸಿಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಯಲ್ಲಿ ಒಂದೇ ವಾರ್ಡಿನಿಂದ ಇಬ್ಬರು, ಮೂವರು ಆರಿಸಿ ಬರುವುದು ಮಾಮೂಲು. ಎಷ್ಟು ಸ್ಥಾನವೋ ಅಷ್ಟು ಓಟು. ಮೂರು ಸ್ಥಾನ ಇದ್ದರೆ ಬೇರೆ ಬೇರೆ ಮೂವರಿಗೆ ಒಂದೊಂದು. ಕಡಿಮೆ ಹಾಕಬಹುದು, ಜಾಸ್ತಿ ಹಾಕುವ ಹಾಗಿಲ್ಲ.

ಈ 'ಜಾಸ್ತಿ'ಯಿಂದ ಆಗುವ ನಷ್ಟವನ್ನು ನಾನು ಎಣಿಕೆ ಮೇಜಿನಲ್ಲಿ ಕೂತು ನೋಡಿದ್ದೇನೆ. ಎರಡು ಸ್ಥಾನದ ವಾರ್ಡ್. ಮಡಿಕೆ ಬಿಚ್ಚಿದರೆ ಎರಡು ಮುದ್ರೆ ಚೆನ್ನಾಗಿ ಬಿದ್ದಿವೆ, ಕೆಳಗೆ ಮೂರನೆಯದೂ ಇದೆ, ಸ್ವಲ್ಪ ಮಸುಕು. ಯಾರ ಮನಸ್ಸೂ ನೋಯಿಸಬಾರದು ಅಂತ ಒತ್ತಿದ್ದರೋ, ಗೊತ್ತಿಲ್ಲದೆ ಒತ್ತಿದ್ದರೋ. ಮೊದಲೆರಡನ್ನಾದರೂ ಲೆಕ್ಕಕ್ಕೆ ತಗೊಳ್ಳಿ ಮೇಡಂ ಅಂತ ಏಜೆಂಟ್ ಎಷ್ಟು ಕೇಳಿದರೂ ನಿಯಮ ಬಿಡಲಿಲ್ಲ. ಇಡೀ ಮತಪತ್ರ ತಿರಸ್ಕೃತ. ಕೂಲಿ ಬಿಟ್ಟು ಬಂದು ಸಾಲಲ್ಲಿ ನಿಂತವರ ಓಟು ಹಾಗೆ ಪಕ್ಕದ ಟ್ರೇಗೆ ಬಿದ್ದಾಗ ನನಗೆ ತುಂಬ ಸಂಕಟ ಆಯ್ತು. ಹಾಗಾಗಿ ಮತಪತ್ರ ಕೈಗೆ ಬಂದ ಕೂಡಲೇ ಅಲ್ಲಿನ ಅಧಿಕಾರಿಯನ್ನು ಬಾಯಿಬಿಟ್ಟು ಕೇಳಿ: ಎಷ್ಟು ಜನಕ್ಕೆ ಹಾಕಬೇಕು? ಕೇಳಲು ನಾಚಿಕೆ ಬೇಡ.

ಇನ್ನೊಂದೆರಡು ಮಾತು. ಅವರು ಕೊಡುವ ಮುದ್ರೆಯಿಂದಲೇ ಒತ್ತಬೇಕು, ಪೆನ್ನಿನಿಂದ ಗುರುತು, ಸಹಿ ಏನೂ ಮಾಡಬಾರದು. ಒಬ್ಬರ ಚಿಹ್ನೆಯ ಮನೆಯೊಳಗೇ ಬೀಳಲಿ, ಗೆರೆ ಮೇಲೆ ಬೇಡ. ಮೊದಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ. ಮಡಚಿದಾಗ ಹಸಿ ಶಾಯಿ ಇನ್ನೊಬ್ಬರ ಚಿಹ್ನೆಗೆ ಅಂಟಿತು ಅಂತ ಗಾಬರಿಯಾಗುವವರಿದ್ದಾರೆ. ಮುದ್ರೆಯ ಬಾಣಗಳು ಒಂದೇ ದಿಕ್ಕಿಗೆ ತಿರುಗಿರುತ್ತವೆ, ಅಂಟಿದ ಕಲೆಯಲ್ಲಿ ಅವು ಉಲ್ಟಾ ಕಾಣುತ್ತವೆ, ಎಣಿಸುವವರಿಗೆ ಯಾವುದು ಅಸಲಿ ಅಂತ ತಿಳಿಯುತ್ತದೆ. ಕೈತಪ್ಪಿ ಕೆಟ್ಟುಹೋದರೆ ಪೆಟ್ಟಿಗೆಗೆ ಹಾಕುವ ಮೊದಲೇ ವಾಪಸ್ ಕೊಟ್ಟು ಹೇಳಿ, ಬೇರೆ ಮತಪತ್ರ ಕೊಡುತ್ತಾರೆ.

2020ರ ಡಿಸೆಂಬರ್ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟು ಉಳಿದ ಕಡೆ ಮತಪತ್ರವೇ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಸ್ಥಳೀಯ ಚುನಾವಣೆಗಳಿಗೆಲ್ಲ ಮತಪತ್ರವೇ ಇರಲಿ ಅಂತ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು. ಯಂತ್ರದ ಗುಂಡಿ ಮಾತ್ರ ಒತ್ತಿ ಗೊತ್ತಿರುವ ಮಕ್ಕಳಿಗೆ ಮನೆಯಲ್ಲಿ ಇದನ್ನು ಹೇಳಿಕೊಡಿ.

ನಮ್ಮ ವಾರ್ಡಿನ ಒಂದು ಸ್ಥಾನ ಮಹಿಳೆಗೆ ಮೀಸಲು. ಅದಕ್ಕೆ ಗಂಡಸರು ಓಟು ಹಾಕಬಹುದಾ?
– ಅರಸೀಕೆರೆ

ಹಾಕಬಹುದು. ಮೀಸಲಾತಿ ನಿಲ್ಲುವವರಿಗೆ, ಓಟು ಹಾಕುವವರಿಗಲ್ಲ. ಎಲ್ಲ ಮೀಸಲು ಸ್ಥಾನಗಳಿಗೂ ಇದೇ ಮಾತು.

ಬೂತಿಗೆ ಹೋದರೆ ನನ್ನ ಓಟು ಆಗಲೇ ಯಾರೋ ಹಾಕಿದ್ದರು. ಅಳುತ್ತಾ ವಾಪಸ್ ಬಂದೆ.
– ಸಿಂಧನೂರು

ವಾಪಸ್ ಬರಬಾರದಿತ್ತು ತಾಯಿ. ಮತಗಟ್ಟೆಯ ಅಧ್ಯಕ್ಷಾಧಿಕಾರಿಗೆ ಹೇಳಬೇಕು. ನೀವು ನೀವೇ ಅಂತ ಗುರುತು ಸಾಬೀತಾದರೆ ಟೆಂಡರ್ ಮತಪತ್ರ ಅಂತ ಕೊಡುತ್ತಾರೆ. ಅದು ಪೆಟ್ಟಿಗೆಗೆ ಹೋಗದೆ ಬೇರೆ ಲಕೋಟೆಯಲ್ಲಿ ಇರುತ್ತದೆ. ಸಾಮಾನ್ಯ ಎಣಿಕೆಗೆ ಸೇರುವುದಿಲ್ಲ ನಿಜ, ಆದರೆ ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಮೋಸ ಆಗಿತ್ತು ಅನ್ನುವುದಕ್ಕೆ ಅದೇ ದಾಖಲೆ.

ಅತ್ತೆಗೆ ಕಣ್ಣು ಕಾಣಲ್ಲ. ನಾನು ಒಳಗೆ ಹೋಗಬಹುದಾ?
– ಶಿರಸಿ

ಹೋಗಬಹುದು. ಆ ದಿನ ನೀವು ಒಬ್ಬರಿಗೆ ಮಾತ್ರ ಸಂಗಡಿಗರಾಗಬಹುದು. ಅವರು ಹೇಳಿದವರಿಗೇ ಒತ್ತಿ, ಹೊರಗೆ ಬಂದು ಯಾರಿಗೂ ಹೇಳಬೇಡಿ.

ದೇವಸ್ಥಾನಕ್ಕೆ ಜಾಸ್ತಿ ದುಡ್ಡು ಕೊಟ್ಟವರಿಗೆ ಸೀಟು ಅಂತ ಹಿರಿಯರು ತೀರ್ಮಾನ ಮಾಡ್ತಿದ್ದಾರೆ. ಎಲೆಕ್ಷನ್ನೇ ಬೇಡವಂತೆ. ಇದು ಸರೀನಾ?
– ಬಳ್ಳಾರಿ ಜಿಲ್ಲೆ

ಖಂಡಿತ ಸರಿಯಲ್ಲ. ಒಬ್ಬರೇ ನಾಮಪತ್ರ ಹಾಕಿ ಅವಿರೋಧವಾಗಿ ಗೆದ್ದರೆ ಅದು ಕಾನೂನುಬದ್ಧ. ಹರಾಜು ಕೂಗಿ, ಉಳಿದವರ ಬಾಯಿ ಮುಚ್ಚಿಸಿ ಅವಿರೋಧ ಅನ್ನುವುದು ಅಪರಾಧ. 2020ರಲ್ಲೂ ಕೆಲವು ಊರುಗಳಲ್ಲಿ ಹೀಗೆ ಆಗಿ ಪೊಲೀಸ್ ಕೇಸಿನವರೆಗೂ ಹೋಗಿತ್ತು. ದೇವರ ಹೆಸರು ಹೇಳಿದರೆ ಬಡವರು ಎದುರು ಮಾತಾಡಲ್ಲ, ಅದೇ ನನಗೆ ಸಿಟ್ಟು ತರಿಸುವುದು. ತಹಶೀಲ್ದಾರರಿಗೆ ಬರೆದು ಕೊಡಿ, ಫೋನಲ್ಲಿ ವಿಡಿಯೋ ಇದ್ದರೆ ಜೊತೆಗೆ ಕೊಡಿ. ಜೊತೆಗೆ ಇನ್ನೊಂದು ದಾರಿಯೂ ಇದೆ. ನಿಮಗೆ 21 ತುಂಬಿದ್ದು, ಆ ಪಂಚಾಯ್ತಿಯ ಪಟ್ಟಿಯಲ್ಲಿ ಹೆಸರಿದ್ದು, ಸ್ಥಾನ ನಿಮ್ಮ ವರ್ಗಕ್ಕೆ ಹೊಂದುವುದಾದರೆ ನೀವೇ ನಾಮಪತ್ರ ಹಾಕಿ. ವಾಪಸ್ ತೆಗೆಯುವ ಗಡುವು ಮುಗಿದ ಮೇಲೂ ಒಂದು ಸ್ಥಾನಕ್ಕೆ ಇಬ್ಬರು ಕಣದಲ್ಲಿ ಉಳಿದರೆ, ಹಿರಿಯರು ಏನೇ ಹೇಳಲಿ, ಊರಿಗೆ ಮತಪೆಟ್ಟಿಗೆ ಬರಲೇಬೇಕು.