ಥಾರ್ ಮರಳುಗಾಡಿಗೆ ಒಬ್ಬರೇ ಕಾರಲ್ಲಿ: ಲೆನ್ಸ್‌ಗಿಂತ ಮೊದಲು ಟೈರಿನ ಗಾಳಿ

ನೀವು ಕೇಳಿರುವುದು ಇಷ್ಟು: ಡಿಸೆಂಬರ್ ಕೊನೆಗೆ ಬೆಂಗಳೂರಿನಿಂದ ಒಬ್ಬರೇ ಕಾರು ಓಡಿಸಿಕೊಂಡು ಜೈಸಲ್ಮೇರ್‌ಗೆ ಹೊರಟಿದ್ದೀರಿ. ಒಂದು ಕ್ಯಾಮೆರಾ ಇದೆ, ಜೊತೆಗೆ ಬಂದ ಕಿಟ್ ಲೆನ್ಸ್ ಇದೆ. ಮರಳುಗಾಡಿನ ಫೋಟೋಗೆ ಅಗಲ ನೋಟ ಹಿಡಿಯುವ ದುಬಾರಿ ವೈಡ್ ಲೆನ್ಸ್ ಬೇಕಾ? ಒಬ್ಬರೇ ಹೋಗುವುದು ಸರಿನಾ?

ಲೆನ್ಸ್ ಬೇಡ. ಒಬ್ಬರೇ ಹೋಗಿ, ತೊಂದರೆ ಇಲ್ಲ. ಉಳಿದ ದುಡ್ಡಲ್ಲಿ ಕಾರಿನ ಸಾಕೆಟ್‌ಗೆ ಚುಚ್ಚಿ ಟೈರಿಗೆ ಗಾಳಿ ತುಂಬುವ ಒಂದು ಪಂಪ್ ತಗೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ದಾರಿ ಸುಮಾರು 2,000 ಕಿ.ಮೀ. ನಾನು ಹೋದಾಗ ಮೊದಲ ರಾತ್ರಿ ಕೊಲ್ಹಾಪುರ, ಎರಡನೆಯದು ಸೂರತ್, ಮೂರನೆಯದು ಪಾಟಣ್. ಪಾಟಣ್‌ನಲ್ಲಿ ರಾಣಿ ಕೀ ವಾವ್ ಇದೆ, ನೂರು ರೂಪಾಯಿ ನೋಟಿನ ಹಿಂದೆ ಇರುವ ಮೆಟ್ಟಿಲುಬಾವಿ. ನೋಡಿಕೊಂಡೇ ಹೋಗಿ. ಸಾಂಚೋರ್ ದಾಟಿ ಬಾಡಮೇರ್ ಕಡೆ ಹೋಗುತ್ತಿದ್ದಂತೆ ಹೊಲಗಳು ತೆಳ್ಳಗಾಗುತ್ತಾ ಬರುತ್ತವೆ. ಇಲ್ಲಿಂದ ಮರಳುಗಾಡು ಶುರು ಅಂತ ಯಾವ ಬೋರ್ಡೂ ಇರುವುದಿಲ್ಲ. ನಾನಂತೂ ಕಿಟಕಿಯಾಚೆ ಮರಳಿನ ದಿಬ್ಬ ಹುಡುಕುತ್ತಾ ಇದ್ದೆ, ಅದು ಬರಲೇ ಇಲ್ಲ.

ಹೊಸಬರು ಎಡವುವುದು ಇಲ್ಲೇ. ಮರಳುಗಾಡು ಅಂದರೆ ದಿಬ್ಬ ಅಂದುಕೊಂಡು ಹೋಗುತ್ತೇವೆ. ಜೈಸಲ್ಮೇರ್ ಪಕ್ಕದ ಡೆಸರ್ಟ್ ನ್ಯಾಷನಲ್ ಪಾರ್ಕ್ 3,162 ಚದರ ಕಿ.ಮೀ. ಇದೆ. ಅದರಲ್ಲೇ ದಿಬ್ಬಗಳು ಸುಮಾರು ಐದರಲ್ಲಿ ಒಂದು ಪಾಲು. ಮಿಕ್ಕಿದ್ದೆಲ್ಲ ಕಲ್ಲುನೆಲ, ಹುಲ್ಲುಗಾವಲು, ಕುರುಚಲು ಗಿಡ. ದಿಬ್ಬ ಬೇಕೆಂದರೆ ಎಲ್ಲರೂ ಸಮ್‌ಗೆ ಹೋಗುತ್ತಾರೆ, ಊರಿಂದ 40 ಕಿ.ಮೀ. ಸಂಜೆ ಐದಕ್ಕೆ ಅಲ್ಲಿ ನಿಂತರೆ ಜೀಪು, ಒಂಟೆ, ಚಿಪ್ಸ್ ಪ್ಯಾಕೆಟ್ಟು, ಸೆಲ್ಫಿ ತೆಗೆಯುವ ನೂರಾರು ಜನ. ರಾತ್ರಿ ಟೆಂಟುಗಳಲ್ಲಿ ಡಿಜೆ. ನನಗೆ ಒಂದೂ ಫೋಟೋ ದಕ್ಕಲಿಲ್ಲ. ದಕ್ಷಿಣದ ಖುರಿ ಹಳ್ಳಿಯ ದಿಬ್ಬಗಳು ಇನ್ನೂ ಸ್ವಲ್ಪ ನೆಮ್ಮದಿಯಾಗಿವೆ. ನಾನು ಮೂರು ರಾತ್ರಿ ಅಲ್ಲೇ ಇದ್ದೆ. ನೀವೂ ಹಾಗೇ ಮಾಡಿ. ದಿನಕ್ಕೊಂದು ಊರು ಅಂತ ಓಡಬೇಡಿ.

ಡಿಸೆಂಬರ್‌ನ ಒಂದು ಕಷ್ಟವನ್ನು ಯಾರೂ ಹೇಳುವುದಿಲ್ಲ. ಆಗ ಆಕಾಶ ತಿಳಿಯಾಗಿರುತ್ತದೆ, ಚಳಿ ಹಿತವಾಗಿರುತ್ತದೆ, ಆದರೆ ಗಾಳಿ ಕಡಿಮೆ. ಗಾಳಿ ಇಲ್ಲ ಅಂದರೆ ಹೆಜ್ಜೆಗುರುತು ಅಳಿಸಲ್ಲ. ನಿನ್ನೆ ಬಂದವರ ಚಪ್ಪಲಿ ಗುರುತು ಇವತ್ತೂ ಹಾಗೇ ಕೂತಿರುತ್ತದೆ. ಬೇಸಿಗೆಯಲ್ಲಿ ಜೋರು ಗಾಳಿ ಬೀಸಿ ಎಲ್ಲ ಒರೆಸಿ ಹೊಸದು ಮಾಡುತ್ತದೆ ನಿಜ, ಆದರೆ ಆಗ ಧೂಳಿಗೆ ಆಕಾಶ ಬೂದಿ ಬಣ್ಣ. ಬಿಸಿಲೋ, ಕೇಳಲೇಬೇಡಿ. ಇದೇ ಸೀಮೆಯ ಫಲೋದಿಯಲ್ಲಿ 2016ರ ಮೇನಲ್ಲಿ 51 ಡಿಗ್ರಿ ದಾಖಲಾಗಿತ್ತು.

ಹಾಗಾಗಿ ನಾನು ಕಂಡುಕೊಂಡ ಉಪಾಯ: ಸಂಜೆ ಹೋಗುವುದು ಫೋಟೋಗಲ್ಲ, ನೋಡುವುದಕ್ಕೆ. ಜನ ಎಲ್ಲಿಂದ ಹತ್ತುತ್ತಾರೆ, ಎಲ್ಲಿಗೆ ಸುಸ್ತಾಗಿ ಕೂರುತ್ತಾರೆ ಅಂತ ಗಮನಿಸಿ. ಸಾಮಾನ್ಯವಾಗಿ ಎರಡನೇ ದಿಬ್ಬ ದಾಟಿ ಯಾರೂ ಹೋಗಲ್ಲ. ಮೂರನೆಯದರ ಆಚೆ ನಿಮ್ಮದು. ಬೆಳಗ್ಗೆ ಕತ್ತಲಲ್ಲೇ ಅಲ್ಲಿಗೆ ನಡೆಯಿರಿ. ನಡೆಯುವಾಗ, ಫೋಟೋದಲ್ಲಿ ಬರಬೇಕಾದ ಇಳಿಜಾರನ್ನು ಬಿಟ್ಟು ಸುತ್ತಿ ಹೋಗಿ. ಒಂದು ಸಲ ನಾನೇ ಚೆಂದದ ಏರಿನ ಮೇಲೆ ನಡೆದು ಹೋಗಿ, ತಿರುಗಿ ಕ್ಯಾಮೆರಾ ಹಿಡಿದಾಗ ನನ್ನ ಬೂಟಿನ ಸಾಲು ಅಷ್ಟುದ್ದ ಕಂಡಿತು. ಯಾರನ್ನು ಬೈಯಲಿ?

ಸೂರ್ಯ ಅಲ್ಲಿ ಡಿಸೆಂಬರ್ ಕೊನೆಗೆ ಏಳೂವರೆ ಹತ್ತಿರ ಹುಟ್ಟುತ್ತಾನೆ, ಬೆಂಗಳೂರಿಗಿಂತ ಸುಮಾರು ಮುಕ್ಕಾಲು ಗಂಟೆ ತಡ. ಹುಟ್ಟಿದ ಮೇಲೆ ನಲವತ್ತು ನಿಮಿಷ ನಿಮ್ಮ ಸಮಯ. ಬೆಳಕು ಪಕ್ಕದಿಂದ ಬೀಳುತ್ತಿರುವಾಗ ಮರಳಿನ ಒಂದೊಂದು ಅಲೆಗೂ ಒಂದು ನೆರಳು. ಮಂಡಿಯೂರಿ ನೋಡಿದರೆ ರಾತ್ರಿ ಓಡಾಡಿದ ಹುಳುವಿನ ದಾರಿ ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ. ಒಂದು ಹೊಲಿಗೆಯನ್ನು ನಾನು ಹಿಂಬಾಲಿಸಿಕೊಂಡು ಹೋದೆ. ಅದು ಒಂದು ಎಕ್ಕದ ಗಿಡದ ಬುಡದಲ್ಲಿ, ಹೆಬ್ಬೆರಳು ಗಾತ್ರದ ತೂತಿನಲ್ಲಿ ಮುಗಿಯಿತು. ಆ ಚಿತ್ರ ಕಿಟ್ ಲೆನ್ಸ್‌ನಲ್ಲೇ ತೆಗೆದದ್ದು. ವೈಡ್ ಲೆನ್ಸ್ ಇದ್ದಿದ್ದರೆ ಬರೀ ಆಕಾಶ ತುಂಬಿಸಿಕೊಂಡು ಬರುತ್ತಿದ್ದೆನೇನೋ. ಯಾರ ಹತ್ತಿರವಾದರೂ ದೂರದ್ದನ್ನು ಹತ್ತಿರ ತರುವ 70-300 ಲೆನ್ಸ್ ಎರವಲು ಸಿಕ್ಕರೆ ತಗೊಂಡು ಹೋಗಿ. ದೂರದ ದಿಬ್ಬಗಳನ್ನು ಒಂದರ ಹಿಂದೆ ಒಂದು ಒತ್ತಿ ಕೂರಿಸುತ್ತದೆ, ಅಡ್ಡ ಬರುವ ಜನ, ಕರೆಂಟ್ ಕಂಬಗಳನ್ನೂ ಬಿಟ್ಟು ಹಿಡಿಯಬಹುದು.

ಸೆಟ್ಟಿಂಗ್ ಬಗ್ಗೆ ಸ್ವಲ್ಪ. ಬಿಸಿಲಲ್ಲಿ ಹೊಳೆಯುವ ಮರಳು ನೋಡಿ ಕ್ಯಾಮೆರಾ ಬೆಳಕು ಜಾಸ್ತಿಯಾಯಿತು ಅಂದುಕೊಳ್ಳುತ್ತದೆ, ಚಿತ್ರ ಕಪ್ಪಗೆ ಬರುತ್ತದೆ. ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಮೇಲೆ ಇಡಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋ ಬೇಡ, ಡೇಲೈಟ್‌ಗೆ ಇಡಿ, ಇಲ್ಲದಿದ್ದರೆ ಬೆಳಗಿನ ಆ ಬೆಚ್ಚನೆ ಬಣ್ಣವನ್ನೇ ಅದು ತೊಳೆದುಹಾಕುತ್ತದೆ. ದಿಬ್ಬದ ಮೇಲೆ ಲೆನ್ಸ್ ಬದಲಾಯಿಸಲೇಬೇಡಿ, ಕಾರಿನೊಳಗೆ ಕಿಟಕಿ ಏರಿಸಿ ಬದಲಾಯಿಸಿ. ಗಾಜಿನ ಮೇಲೆ ಮರಳು ಕೂತರೆ ಮೊದಲು ಬ್ಲೋವರ್‌ನಿಂದ ಊದಿ, ಬಟ್ಟೆ ಆಮೇಲೆ. ಟ್ರೈಪಾಡ್ ನಿಲ್ಲಿಸುವಾಗ ಕಾಲಿನ ಅತ್ಯಂತ ಕೆಳಗಿನ ತುಂಡನ್ನು ಮೊದಲು ಎಳೆಯಿರಿ. ಎಲ್ಲ ಕಡೆ ಇದಕ್ಕೆ ಉಲ್ಟಾ ಮಾಡುತ್ತೇವೆ ಅಲ್ವಾ? ಇಲ್ಲಿ ಹಾಗೆ ಮಾಡಿದರೆ ಲಾಕ್ ಮರಳಲ್ಲಿ ಹೂತು, ಊರಿಗೆ ಬಂದ ಮೇಲೂ ಕರಕರ ಅನ್ನುತ್ತಿರುತ್ತದೆ.

ಈಗ ಪಂಪಿನ ಕಥೆ. ಎರಡನೇ ದಿನ ಖುರಿಯಿಂದ ಬರುವಾಗ ರಸ್ತೆಯಿಂದ ಸ್ವಲ್ಪ ದೂರದಲ್ಲಿ ಒಂಟಿ ಖೇಜಡಿ ಮರ ಕಂಡಿತು. ಖೇಜಡಿ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರ. ನಾವು ದಸರೆಗೆ ಎಲೆ ಕೊಟ್ಟು ಬಂಗಾರ ಅನ್ನುತ್ತೇವೆ. ಅವರು ಅದರ ಕಾಯಿಯನ್ನು ಒಣಗಿಸಿಟ್ಟು ಸಾಂಗ್ರಿ ಪಲ್ಯ ಮಾಡಿ ಸಜ್ಜೆ ರೊಟ್ಟಿ ಜೊತೆ ತಿನ್ನುತ್ತಾರೆ. ಚಳಿಗಾಲದಲ್ಲಿ ಮೇವಿಗೆ ಅಂತ ಸೊಪ್ಪು ಸವರಿರುತ್ತಾರೆ, ಹಾಗಾಗಿ ಆ ಮರ ಬೋಳಾಗಿ, ಮುಷ್ಟಿ ಎತ್ತಿದ ಕೈಗಳ ಹಾಗೆ ನಿಂತಿತ್ತು. ಆಸೆ ತಡೆಯಲಾಗದೆ ಕಾರನ್ನು ಡಾಂಬರಿನಿಂದ ಇಳಿಸಿದೆ. ಹತ್ತು ಅಡಿ ಹೋಗಿರಬಹುದು, ಮುಂದಿನ ಚಕ್ರ ಎರಡೂ ಕುಸಿದವು. ಆಕ್ಸಿಲರೇಟರ್ ಒತ್ತಿದೆ. ಇನ್ನಷ್ಟು ಕುಸಿಯಿತು. ಮತ್ತೆ ಒತ್ತಿದೆ. ಬಂಪರ್ ಮರಳಿಗೆ ಮುಟ್ಟಿತು.

ಫೋನಿಗೆ ಸಿಗ್ನಲ್ ಇಲ್ಲ. ಅರ್ಧ ಗಂಟೆ ಕೈಯಲ್ಲೇ ಮರಳು ತೋಡಿದೆ. ಆಮೇಲೆ ಮೇಕೆ ಹಿಂಡಿನ ಹಿಂದೆ ಕೆಂಪು ಪೇಟದ ಮುದುಕರೊಬ್ಬರು ಬಂದರು. ದೂರದಿಂದಲೇ ಕೈ ಬೀಸುತ್ತಾ "ಬಂದ್ ಕರೋ, ಬಂದ್ ಕರೋ" ಅಂದರು. ಅವರ ಮಾರವಾಡಿ ನನಗೆ ಅರ್ಧ ಅರ್ಥ, ನನ್ನ ಹಿಂದಿ ಅವರಿಗೆ ಅರ್ಧ. ಬಗ್ಗಿ ಟೈರಿನ ವಾಲ್ವ್‌ಗೆ ಒಂದು ಕಡ್ಡಿ ಒತ್ತಿ ಹಿಡಿದು ಗಾಳಿ ಬಿಡತೊಡಗಿದರು. ನನ್ನ ಎದೆ ಧಸಕ್ಕೆಂದಿತು. ಟೈರು ಅಗಲವಾಗಿ ಚಪ್ಪಟೆಯಾಗಿ ಕೂರುವವರೆಗೂ ಬಿಡಲಿಲ್ಲ. ಆಮೇಲೆ ಕಾರಿನೊಳಗಿದ್ದ ಮ್ಯಾಟ್ ಎಳೆದು ಚಕ್ರದ ಹಿಂದೆ ತುರುಕಿ, ರಿವರ್ಸ್ ಹಾಕು, ನಿಧಾನ ಅಂತ ಸನ್ನೆ ಮಾಡಿದರು. ಎರಡನೇ ಸಲಕ್ಕೆ ಕಾರು ರಸ್ತೆ ಮೇಲಿತ್ತು.

ಮರಳಲ್ಲಿ ಗಾಳಿ ಇಳಿಸಿದರೆ ಟೈರು ನೆಲವನ್ನು ಜಾಸ್ತಿ ಹಿಡಿಯುತ್ತದೆ. 32-33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವುದನ್ನು 18-20ಕ್ಕೆ ಇಳಿಸಿದರೆ ಸಾಕು ಅಂತ ಆಮೇಲೆ ತಿಳಿಯಿತು. ಆದರೆ ಹೊರಗೆ ಬಂದ ಮೇಲೆ ಮತ್ತೆ ತುಂಬಿಸಬೇಕಲ್ಲ! ನನ್ನ ಹತ್ತಿರ ಪಂಪ್ ಇರಲಿಲ್ಲ. ಚಪ್ಪಟೆ ಟೈರಿನಲ್ಲಿ ಎತ್ತಿನಗಾಡಿ ವೇಗದಲ್ಲಿ ಪಂಕ್ಚರ್ ಅಂಗಡಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಸಂಜೆಯ ಬೆಳಕೂ ಹೋಯಿತು. ಬನ್ನಿ ಮರದ ಫೋಟೋ ಮಾರನೇ ದಿನ ತೆಗೆದೆ. ಕಾರು ರಸ್ತೆಯಲ್ಲೇ ಬಿಟ್ಟು, ನಡೆದುಕೊಂಡು ಹೋಗಿ.

ಬಿಸಿಲು ಏರಿದ ಮೇಲೆ ದಿಬ್ಬದ ಫೋಟೋ ಚಪ್ಪಟೆ, ಆಸೆ ಬಿಡಿ. ಆ ಹೊತ್ತಿಗೆ ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಕುಲಧರಾ ಊರಿನ ಕಲ್ಲುಗೋಡೆಗಳ ನೆರಳು ಚೆನ್ನಾಗಿರುತ್ತದೆ. ದೆವ್ವದ ಕಥೆ ಹೇಳುತ್ತಾರೆ, ಕೇಳಿಸಿಕೊಂಡು ಸುಮ್ನೆ ಬನ್ನಿ. ದೆವ್ವಕ್ಕಿಂತ ಆ ಜನರ ಖಡೀನ್ ನೋಡುವಂಥದ್ದು. ಇಳಿಜಾರಿನ ಕೆಳಗೆ ಮಣ್ಣಿನ ಉದ್ದ ಒಡ್ಡು ಹಾಕಿ ಮಳೆನೀರು ತಡೆಯುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಒಳ್ಳೆ ಮಳೆಯಾದ ವರ್ಷ ಡಿಸೆಂಬರ್‌ನಲ್ಲಿ ಸುತ್ತ ಕಂದು ನೆಲ, ನಡುವೆ ಹಸಿರು ಹೊಲ. ಮನೆಗೆ ಬಂದವರು ಆ ಫೋಟೋ ನೋಡಿ ಇದು ರಾಜಸ್ಥಾನ ಅಂದರೆ ನಂಬುವುದಿಲ್ಲ. ಬಾಡಮೇರ್ ರಸ್ತೆಯಲ್ಲಿ ಅಕಲ್ ಅಂತ ಇದೆ, 18 ಕೋಟಿ ವರ್ಷ ಹಳೆಯ, ಕಲ್ಲಾದ ಮರದ ದಿಮ್ಮಿಗಳು. ನೋಡಲು ರೋಮಾಂಚನ, ಫೋಟೋಗೆ ನಿರಾಸೆ. ಎಲ್ಲ ಕಬ್ಬಿಣದ ಜಾಲರಿಯೊಳಗೆ.

ಹುಲ್ಲುಗಾವಲಲ್ಲಿ ಅದೃಷ್ಟ ಇದ್ದರೆ ಗೋಡಾವಣ್ ಹಕ್ಕಿ ಸಿಗಬಹುದು, ನಮ್ಮ ಎರೆಭೂತ. ಸಿಕ್ಕರೆ ಕಾರಿನಿಂದ ಇಳಿಯಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಉಳಿದಿರುವುದೇ ಬಹಳ ಕಡಿಮೆ.

ಒಬ್ಬರೇ ಇರುವುದರಿಂದ ಮೂರು ಮಾತು. ಟ್ಯಾಂಕ್ ಜೈಸಲ್ಮೇರ್‌ನಲ್ಲೇ ತುಂಬಿಸಿ, ಐದು ಲೀಟರ್ ಕುಡಿಯುವ ನೀರು ಯಾವಾಗಲೂ ಡಿಕ್ಕಿಯಲ್ಲಿರಲಿ, ಯಾವ ಕಡೆ ಹೋಗುತ್ತೀರಿ ಅಂತ ಉಳಿದುಕೊಂಡ ಮನೆಯವರಿಗೆ ಹೇಳಿ ಹೊರಡಿ. ಪಾಕಿಸ್ತಾನದ ಗಡಿ ಹತ್ತಿರದ ತನೋಟ್ ಕಡೆ ಹೋದರೆ ಸೇನೆಯ ವಾಹನ, ಠಾಣೆಗಳತ್ತ ಕ್ಯಾಮೆರಾ ತಿರುಗಿಸಬೇಡಿ. ಡ್ರೋನ್ ಬೆಂಗಳೂರಲ್ಲೇ ಇರಲಿ. ಕತ್ತಲಾದ ಮೇಲೆ ಓಡಿಸುವುದನ್ನಂತೂ ಬಿಟ್ಟುಬಿಡಿ. ಒಂಟೆ ರಸ್ತೆಗೆ ಬಂದರೆ ಹೆಡ್‌ಲೈಟಿಗೆ ಕಾಣುವುದು ನಾಲ್ಕು ತೆಳ್ಳನೆ ಕಾಲು ಮಾತ್ರ, ಮೈ ಮೇಲೆಲ್ಲೋ ಕತ್ತಲಲ್ಲಿರುತ್ತದೆ.

ಹೊರಡುವ ಮುಂಚೆ ಸ್ಟೆಪ್ನಿ ತೆಗೆದು ಅದರಲ್ಲಿ ಗಾಳಿ ಇದೆಯಾ ನೋಡಿ. ನಾನು ಅದನ್ನೂ ನೋಡಿರಲಿಲ್ಲ.